ಡೆಬಿಯನ್ 13 ಹೊಸ ಇನ್‌ಸ್ಟಾಲ್: ಅಡ್ಮಿನ್ ಪಾಸ್‌ವರ್ಡ್ ಸರಿಯಾಗಿ ಹಾಕಿದರೂ ಒಪ್ಪುತ್ತಿಲ್ಲ

#1 · ಹೊಸಗೂಡು

ಡೆಬಿಯನ್ 13 (ಲಿನಕ್ಸ್‌ನ ಒಂದು ಬಗೆ), ಗ್ನೋಮ್ ಡೆಸ್ಕ್‌ಟಾಪ್, ಇಡೀ ಡಿಸ್ಕ್ ಅಳಿಸಿ ಹಾಕಿದ ಹೊಸ ಇನ್‌ಸ್ಟಾಲ್. ಇನ್‌ಸ್ಟಾಲರ್ ಮೊದಲು ರೂಟ್ (ಪೂರ್ಣ ಅಧಿಕಾರದ ಅಡ್ಮಿನ್ ಖಾತೆ) ಪಾಸ್‌ವರ್ಡ್ ಕೇಳಿತು, ಆಮೇಲೆ ಬಳಕೆದಾರರ ಪಾಸ್‌ವರ್ಡ್. ಎರಡನ್ನೂ ಕೊಟ್ಟಿದೆ, ಎರಡೂ ಬೇರೆ ಬೇರೆ. ಈಗಿನ ಪರಿಸ್ಥಿತಿ ಹೀಗಿದೆ:

ಲಾಗಿನ್ ಪರದೆಯಲ್ಲಿ ಬಳಕೆದಾರರ ಪಾಸ್‌ವರ್ಡ್ ಸಲೀಸಾಗಿ ನಡೆಯುತ್ತದೆ.
ಟರ್ಮಿನಲ್‌ನಲ್ಲಿ ಸುಡೊ (ರೂಟ್ ಅಧಿಕಾರದಲ್ಲಿ ಒಂದು ಕೆಲಸ ಮಾಡಿಸುವ ಆಜ್ಞೆ) ಕೊಟ್ಟು ರೂಟ್ ಪಾಸ್‌ವರ್ಡ್ ಹಾಕಿದರೆ "ಸಾರಿ, ಟ್ರೈ ಅಗೇನ್".
ಅಲ್ಲೇ ಬಳಕೆದಾರರ ಪಾಸ್‌ವರ್ಡ್ ಹಾಕಿದರೆ "ನಾಟ್ ಇನ್ ದ ಸುಡೋಯರ್ಸ್ ಫೈಲ್".
ಸು (ರೂಟ್ ಆಗಿ ಬದಲಾಗುವ ಆಜ್ಞೆ) ಕೊಟ್ಟು ರೂಟ್ ಪಾಸ್‌ವರ್ಡ್ ಹಾಕಿದರೆ ಒಳಗೆ ಬಿಡುತ್ತದೆ. ಆದರೆ ಅಲ್ಲಿ ಬಳಕೆದಾರರ ಖಾತೆ ತಿದ್ದುವ ಯೂಸರ್‌ಮಾಡ್ ಎಂದರೆ "ಕಮಾಂಡ್ ನಾಟ್ ಫೌಂಡ್".
ಲಾಗಿನ್ ಪರದೆಯಲ್ಲೇ ರೂಟ್ ಎಂದು ಹೆಸರು ಕೊಟ್ಟರೆ ಪಾಸ್‌ವರ್ಡ್ ತಪ್ಪು ಎಂಬಂತೆ ವಾಪಸ್ ಕಳಿಸುತ್ತದೆ.

ಮತ್ತೆ ಮೊದಲಿಂದ ಇನ್‌ಸ್ಟಾಲ್ ಮಾಡಬೇಕೇ?

#2 · ಕರಿತೆರೆ

ಬೇಡ. ಏನೂ ಕೆಟ್ಟಿಲ್ಲ. ಎರಡು ಪಾಸ್‌ವರ್ಡೂ ಸರಿಯಾಗಿವೆ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರಿಗೆ ಕೊಟ್ಟಿದ್ದೀರಿ, ಅಷ್ಟೇ.

ಸುಡೊ ಕೇಳುವುದು ನಿಮ್ಮ ಸ್ವಂತ ಪಾಸ್‌ವರ್ಡ್, ರೂಟ್‌ನದ್ದಲ್ಲ. ಸು ಕೇಳುವುದು ರೂಟ್‌ನದ್ದು. ಇದು ತಲೆಗೆ ಹೋದರೆ ಅರ್ಧ ಗೊಂದಲ ಮುಗಿಯಿತು. ಎರಡನೇ ಸಂದೇಶ ಪಾಸ್‌ವರ್ಡ್ ತಪ್ಪೆಂದು ಹೇಳುತ್ತಿಲ್ಲ, ನೋಡಿ. "ಪಾಸ್‌ವರ್ಡ್ ಸರಿ, ಆದರೆ ನಿಮಗೆ ಅಧಿಕಾರ ಇಲ್ಲ" ಎಂದು ಹೇಳುತ್ತಿದೆ.

ಅಧಿಕಾರ ಯಾಕಿಲ್ಲ? ಡೆಬಿಯನ್ ಇನ್‌ಸ್ಟಾಲರ್‌ನಲ್ಲಿ ರೂಟ್ ಪಾಸ್‌ವರ್ಡಿನ ಪೆಟ್ಟಿಗೆ ಖಾಲಿ ಬಿಟ್ಟರೆ ಅದು ರೂಟ್ ಖಾತೆಗೆ ಬೀಗ ಜಡಿದು, ಮೊದಲ ಬಳಕೆದಾರರನ್ನು ಸುಡೊ ಗುಂಪಿಗೆ ಸೇರಿಸುತ್ತದೆ. ಪೆಟ್ಟಿಗೆಯಲ್ಲಿ ಏನಾದರೂ ತುಂಬಿದರೆ "ಇವರಿಗೆ ರೂಟ್ ಬೇಕಂತೆ" ಎಂದುಕೊಂಡು ಯಾರನ್ನೂ ಸೇರಿಸದೆ ಮುಂದೆ ಹೋಗುತ್ತದೆ. ಈ ಮಾತು ಆ ಪರದೆಯಲ್ಲೇ ಬರೆದಿರುತ್ತದೆ. ಆ ಪ್ಯಾರಾ ಓದಿದವರನ್ನು ಹುಡುಕಬೇಕು.

"ಕಮಾಂಡ್ ನಾಟ್ ಫೌಂಡ್" ಬೇರೆ ವಿಷಯ. 2019ರ ಡೆಬಿಯನ್ 10ರಿಂದ ಸು ಆಜ್ಞೆ ಯುಟಿಲ್-ಲಿನಕ್ಸ್ ಪ್ಯಾಕೇಜಿನದ್ದು. ಬರೀ ಸು ಕೊಟ್ಟರೆ ಮನುಷ್ಯ ಬದಲಾಗುತ್ತಾನೆ, ಪಾತ್ (ಆಜ್ಞೆಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಹಳೆಯದೇ ಉಳಿಯುತ್ತದೆ. ಸಾಮಾನ್ಯ ಬಳಕೆದಾರರ ಪಾತ್‌ನಲ್ಲಿ /ಯುಎಸ್‌ಆರ್/ಎಸ್‌ಬಿನ್ ಇರುವುದಿಲ್ಲ, ಯೂಸರ್‌ಮಾಡ್ ಕೂತಿರುವುದು ಅಲ್ಲೇ. ಹಾಗಾಗಿ ಸು ಆದ ಮೇಲೆ ಒಂದು ಸ್ಪೇಸ್, ಒಂದು ಹೈಫನ್ ಹಾಕಬೇಕು.

ಇಲ್ಲಿ ಆಜ್ಞೆಗಳನ್ನೆಲ್ಲ ಫೋನಿನಲ್ಲಿ ಓದಿ ಹೇಳುವ ಹಾಗೆ ಬರೆಯುತ್ತಿದ್ದೇನೆ. ನೀವು ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರದಲ್ಲಿ, ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

1. ಸು - ಒತ್ತಿ ಎಂಟರ್, ರೂಟ್ ಪಾಸ್‌ವರ್ಡ್. ಸಾಲಿನ ಕೊನೆಯ ಡಾಲರ್ ಚಿಹ್ನೆ ಹೋಗಿ ಹ್ಯಾಶ್ ಬರಬೇಕು.
2. ಯೂಸರ್‌ಮಾಡ್ -ಎಜಿ ಸುಡೊ ನಿಮ್ಮಲಾಗಿನ್‌ಹೆಸರು. ಇದರಲ್ಲಿ ಎ ಸಣ್ಣದು, ಜಿ ದೊಡ್ಡದು.
3. ಗ್ರೂಪ್ಸ್ ನಿಮ್ಮಲಾಗಿನ್‌ಹೆಸರು. ಬರುವ ಪಟ್ಟಿಯಲ್ಲಿ ಸುಡೊ ಕಾಣಬೇಕು.
4. ಎಕ್ಸಿಟ್ ಕೊಟ್ಟು ಹೊರಬಂದು, ಡೆಸ್ಕ್‌ಟಾಪ್‌ನಿಂದಲೇ ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ.

ಎರಡನೇ ಹೆಜ್ಜೆಯಲ್ಲಿ ಸಣ್ಣ ಎ ಮರೆತು ಬರೀ ದೊಡ್ಡ ಜಿ ಹಾಕಿದರೆ, ಸುಡೊಗೆ ಸೇರಿಸಿ ಉಳಿದ ಗುಂಪುಗಳಿಂದೆಲ್ಲ ಕಿತ್ತುಹಾಕುತ್ತದೆ. ಆಡಿಯೊ, ವಿಡಿಯೊ, ಸಿಡಿರೋಮ್, ಪ್ಲಗ್‌ಡೆವ್, ನೆಟ್‌ಡೆವ್ ಎಲ್ಲ ಹೋಗುತ್ತವೆ. ಒಂದು ವಾರ ಬಿಟ್ಟು ಇನ್ನೇನೋ ಕೆಲಸ ಮಾಡದೇ ಇದ್ದಾಗ ಕಾರಣ ಹೊಳೆಯುವುದೇ ಇಲ್ಲ. ಎ ಎಂದರೆ ಅಪೆಂಡ್, ಇದ್ದದ್ದರ ಜೊತೆಗೆ ಸೇರಿಸು ಎಂದು.

ಲಾಗಿನ್ ಪರದೆ ರೂಟನ್ನು ಒಳಗೆ ಬಿಡದಿರುವುದು ದೋಷ ಅಲ್ಲ. ಡೆಬಿಯನ್‌ನ ಜಿಡಿಎಂ (ಗ್ನೋಮ್‌ನ ಲಾಗಿನ್ ಪರದೆ) ಸೆಟ್ಟಿಂಗ್‌ನಲ್ಲೇ ರೂಟ್ ಆಗಿದ್ದರೆ ತಳ್ಳು ಎಂದು ಒಂದು ಸಾಲಿದೆ. ಅದನ್ನು ತೆಗೆಯುವ ಉಪದೇಶ ಎಲ್ಲಿ ಕಂಡರೂ ಕೇಳಬೇಡಿ.

#3 · ಹೊಸಗೂಡು

ಮೂರನೇ ಹೆಜ್ಜೆವರೆಗೆ ಆಯಿತು, ಪಟ್ಟಿಯಲ್ಲಿ ಸುಡೊ ಬಂದಿದೆ. ಆದರೆ ಹೊಸ ಟರ್ಮಿನಲ್ ತೆರೆದು ಸುಡೊ ಕೊಟ್ಟರೆ ಅದೇ ಹಳೇ ಸಂದೇಶ. ಲಾಗ್‌ಔಟ್ ಆಗಿ ತಕ್ಷಣ ಒಳಬಂದರೂ ಅದೇ.

#4 · ಶೆಲ್‌ಗುಬ್ಬಿ

"ತಕ್ಷಣ" ಅನ್ನುವುದರಲ್ಲೇ ಇದೆ ವಿಷಯ.

ಗುಂಪಿನ ಸದಸ್ಯತ್ವವನ್ನು ಲಿನಕ್ಸ್ ಲಾಗಿನ್ ಆಗುವ ಹೊತ್ತಿನಲ್ಲಿ ಒಮ್ಮೆ ಮಾತ್ರ ಓದಿ ಆ ಸೆಷನ್‌ಗೆ ಅಂಟಿಸುತ್ತದೆ. ಹೊಸ ಟರ್ಮಿನಲ್ ಕಿಟಕಿ ಎಂದರೆ ಹಳೇ ಸೆಷನ್ನಿನ ಮಗು, ಅದಕ್ಕೆ ಹಳೇ ಗುಂಪುಗಳೇ ಗೊತ್ತು. ಲಾಗ್‌ಔಟ್ ಆದ ಮೇಲೂ ಸಿಸ್ಟಂಡಿ (ಸೇವೆಗಳನ್ನು ಎಬ್ಬಿಸಿ ನಡೆಸುವ ಪ್ರೋಗ್ರಾಂ) ಪ್ರತಿ ಬಳಕೆದಾರರಿಗೆ ಇಟ್ಟುಕೊಂಡಿರುವ ಸೇವೆ ಸುಮಾರು 10 ಸೆಕೆಂಡು ಬದುಕಿರುತ್ತದೆ. ಅಷ್ಟರೊಳಗೆ ಮತ್ತೆ ಒಳಬಂದರೆ ಅದೇ ಸೇವೆ ಮುಂದುವರಿಯುತ್ತದೆ, ಗ್ನೋಮ್‌ನ ಟರ್ಮಿನಲ್ ಹುಟ್ಟುವುದು ಅದರ ಹೊಟ್ಟೆಯಿಂದಲೇ. ರೀಬೂಟ್ ಮಾಡಿ, ಅತ್ಯಂತ ಸುಲಭ.

ರೀಬೂಟ್ ಮಾಡಲಾಗದ ಕಡೆ, ಆ ಒಂದು ಟರ್ಮಿನಲ್ ಮಟ್ಟಿಗೆ ನ್ಯೂಜಿಆರ್‌ಪಿ ಸುಡೊ ಎಂದು ಕೊಟ್ಟರೆ ಸಾಕು.

ಒಂದು ವ್ಯತ್ಯಾಸ ತಿಳಿದಿರಲಿ: ಗ್ರೂಪ್ಸ್ ಆದ ಮೇಲೆ ಹೆಸರು ಕೊಟ್ಟರೆ ಫೈಲ್‌ನಲ್ಲಿ ಏನಿದೆ ಎಂದು ತೋರಿಸುತ್ತದೆ. ಹೆಸರಿಲ್ಲದೆ ಬರೀ ಗ್ರೂಪ್ಸ್ ಕೊಟ್ಟರೆ ಈ ಸೆಷನ್‌ಗೆ ಏನು ಸಿಕ್ಕಿದೆ ಎಂದು ತೋರಿಸುತ್ತದೆ. ಎರಡರಲ್ಲೂ ಸುಡೊ ಇದ್ದರೆ ಮಾತ್ರ ಕೆಲಸ ಆದಂತೆ.

ಚಿತ್ರದ ಕಿಟಕಿಯಲ್ಲಿ ಪಾಸ್‌ವರ್ಡ್ ಕೇಳಿದಾಗಲೂ ಇದೇ ಕಥೆ. ಸಾಫ್ಟ್‌ವೇರ್ ಆಪ್‌ನಲ್ಲಿ ಏನಾದರೂ ಹಾಕಲು ಹೋದರೆ ಏಳುವ ಪುಟ್ಟ ಪೆಟ್ಟಿಗೆ ಪೋಲ್‌ಕಿಟ್‌ನದ್ದು, ಡೆಸ್ಕ್‌ಟಾಪ್ ಆಪ್‌ಗಳಿಗೆ ಅಧಿಕಾರ ಕೊಡುವ ವ್ಯವಸ್ಥೆ ಅದು. ಅದರಲ್ಲಿ ಪಾಸ್‌ವರ್ಡ್ ಖಾನೆಯ ಮೇಲೆ ಯಾರ ಹೆಸರಿದೆ ನೋಡಿ. ಸುಡೊ ಗುಂಪಿನಲ್ಲಿ ಯಾರೂ ಇಲ್ಲದಿದ್ದರೆ ಅಲ್ಲಿ ರೂಟ್ ಅಥವಾ ಅಡ್ಮಿನಿಸ್ಟ್ರೇಟರ್ ಎಂದಿರುತ್ತದೆ, ರೂಟ್ ಪಾಸ್‌ವರ್ಡೇ ಕೊಡಬೇಕು. ನೀವು ಗುಂಪಿಗೆ ಸೇರಿದ ಮೇಲೆ ನಿಮ್ಮ ಹೆಸರು ಬರುತ್ತದೆ, ಆಗ ನಿಮ್ಮದು. ಹೆಸರು ಓದದೆ ಪಾಸ್‌ವರ್ಡ್ ಕುಟ್ಟುವುದೇ ಎಷ್ಟೋ ಮಂದಿಯ ಕಾಯಿಲೆ.

#5 · ಹೊಸಗೂಡು

ರೀಬೂಟ್ ಆದ ಮೇಲೆ ಸುಡೊ ನಡೆಯಿತು. ಪೆಟ್ಟಿಗೆಯಲ್ಲಿ ಹೆಸರೂ ಬದಲಾಗಿದೆ.

#6 · ರಾಗಿ64

ಇಷ್ಟೆಲ್ಲ ಯಾಕೆ ಗುರು? /ಇಟಿಸಿ/ಸುಡೋಯರ್ಸ್ ಫೈಲ್‌ಗೆ ಸಿಎಚ್‌ಮಾಡ್ 777 ಹೊಡೆದು, ಯಾವುದಾದರೂ ಎಡಿಟರ್‌ನಲ್ಲಿ ತೆರೆದು ನಿಮ್ಮ ಹೆಸರು ಮತ್ತು ನೋಪಾಸ್‌ವರ್ಡ್ ಸಾಲು ಸೇರಿಸಿಬಿಟ್ಟರೆ ಯಾವತ್ತೂ ಪಾಸ್‌ವರ್ಡೇ ಕೇಳಲ್ಲ.

#7 · ಗೋಲಗುಮ್ಮಟ

ಹಂಗ ಮಾಡಬ್ಯಾಡ್ರಿ ಯಾರೂ. 777 ಹೊಡದ್ರ ಸುಡೊ ಆ ಫೈಲ್ ಯಾರು ಬೇಕಾದ್ರೂ ತಿದ್ದೂ ಹಂಗ ಐತಿ ಅಂತ ಹೇಳಿ ಓದೂದ ಬಿಡ್ತೈತಿ. ಆಮ್ಯಾಲ ಸುಡೊ ಪೂರಾ ಬಂದ್. ರೂಟ್‌ಗೆ ಬೀಗ ಇದ್ದ ಮಷಿನ್ ಆದ್ರ ಸರಿಮಾಡಾಕ ಇದ್ದ ದೊಡ್ಡ ಬಾಗಲಾನೂ ನೀವ ಮುಚ್ಚಿದಂಗ.

ಈಗಾಗಲೇ ಹೊಡೆದು ಕೂತವರಿಗೆ: ಸು - ಆಗಿ, ಸಿಎಚ್‌ಮಾಡ್ 0440 /ಇಟಿಸಿ/ಸುಡೋಯರ್ಸ್. ರೂಟ್ ಪಾಸ್‌ವರ್ಡ್ ಇಲ್ಲದಿದ್ದರೆ, ನೀವು ಸುಡೊ ಗುಂಪಿನಲ್ಲಿ ಇದ್ದರೆ, ಡೆಸ್ಕ್‌ಟಾಪ್ ಟರ್ಮಿನಲ್‌ನಲ್ಲಿ ಅದೇ ಆಜ್ಞೆಯ ಮುಂದೆ ಪಿಕೆಎಕ್ಸೆಕ್ ಸೇರಿಸಿ ಕೊಡಿ. ಅದು ಸುಡೋಯರ್ಸ್ ಫೈಲನ್ನು ನೋಡುವುದಿಲ್ಲ, ಪೋಲ್‌ಕಿಟ್ ದಾರಿಯಲ್ಲಿ ಹೋಗುತ್ತದೆ.

ಆ ಫೈಲನ್ನು ತಿದ್ದಲೇಬೇಕಾದರೆ ವಿಸುಡೊ ಎಂಬ ಆಜ್ಞೆ ಇದೆ. ಉಳಿಸುವ ಮುನ್ನ ವ್ಯಾಕರಣ ನೋಡುತ್ತದೆ, ತಪ್ಪಿದ್ದರೆ ಉಳಿಸಬೇಕೋ ಬೇಡವೋ ಎಂದು ಕೇಳುತ್ತದೆ. ಅದಕ್ಕಿಂತ ಒಳ್ಳೇದು ಮೂಲ ಫೈಲ್ ಮುಟ್ಟದೆ /ಇಟಿಸಿ/ಸುಡೋಯರ್ಸ್.ಡಿ ಫೋಲ್ಡರ್‌ನಲ್ಲಿ ಬೇರೆ ಫೈಲ್ ಇಡುವುದು. ಅದರ ಹೆಸರಿನಲ್ಲಿ ಚುಕ್ಕೆ ಇರಕೂಡದು. ಕೊನೆಗೆ ಡಾಟ್ ಕಾನ್ಫ್ ಅಂತ ಚಂದ ಮಾಡಿ ಹೆಸರಿಟ್ಟರೆ ಸುಡೊ ಅದನ್ನು ತಿರುಗಿಯೂ ನೋಡದೆ ದಾಟಿಹೋಗುತ್ತದೆ, ದೋಷ ಸಂದೇಶವೂ ಬರುವುದಿಲ್ಲ.

#8 · ಶೆಲ್‌ಗುಬ್ಬಿ

ಡೆಸ್ಕ್‌ಟಾಪ್ ಇಲ್ಲದ ಸಣ್ಣ ಇನ್‌ಸ್ಟಾಲ್ ಆದರೆ ಸುಡೊ ಪ್ಯಾಕೇಜೇ ಇರದೆ, ಸುಡೊಗೇ "ಕಮಾಂಡ್ ನಾಟ್ ಫೌಂಡ್" ಬರಬಹುದು. ಸು - ಆಗಿ ಎಪಿಟಿ ಇನ್‌ಸ್ಟಾಲ್ ಸುಡೊ. ಅದು ಸಿಡಿ ಹಾಕಿ ಎಂದು ಹಟ ಹಿಡಿದರೆ /ಇಟಿಸಿ/ಎಪಿಟಿ/ಸೋರ್ಸಸ್.ಲಿಸ್ಟ್ ತೆರೆದು ಸಿಡಿರೋಮ್ ಎಂದಿರುವ ಸಾಲಿನ ಮುಂದೆ ಹ್ಯಾಶ್ ಹಾಕಿ, ಎಪಿಟಿ ಅಪ್‌ಡೇಟ್ ಕೊಟ್ಟು ಮತ್ತೆ ಪ್ರಯತ್ನಿಸಿ.

#9 · ಮಂಜುಮಳೆ

ಇಲ್ಲಿ ಇನ್ನೊಂದು ಬಗೆ. ಡೆಬಿಯನ್ 12. ಡೆಸ್ಕ್‌ಟಾಪ್ ಲಾಗಿನ್ ಸರಿ, ಸುಡೊ ಸರಿ. ಆದರೆ ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಬರುವ ಕಪ್ಪು ಪರದೆಯಲ್ಲಿ ಅದೇ ಪಾಸ್‌ವರ್ಡ್ "ಲಾಗಿನ್ ಇನ್‌ಕರೆಕ್ಟ್". ಪಾಸ್‌ವರ್ಡ್‌ನಲ್ಲಿ ಅಕ್ಷರ, ಅಂಕಿ, ಒಂದು @ ಚಿಹ್ನೆ ಇದೆ. ಇನ್‌ಸ್ಟಾಲ್ ಮಾಡುವಾಗ ಭಾಷೆ ಬ್ರಿಟಿಷ್ ಇಂಗ್ಲಿಷ್ ಆರಿಸಿದ್ದು, ಆಮೇಲೆ ಡೆಸ್ಕ್‌ಟಾಪ್‌ನಲ್ಲಿ ಕೀಲಿಮಣೆ ಬದಲಾಯಿಸಿ, ಪಾಸ್‌ವರ್ಡ್ ಕೂಡ ಬದಲಾಯಿಸಿದ್ದು.

#10 · ಕಗಪಕೀಲಿ

@ ಅಂದ ಕೂಡಲೇ ಗೊತ್ತಾಯಿತು ಮಾರಾಯ್ರೆ. ಕಪ್ಪು ಪರದೆ ಇನ್ನೂ ಬ್ರಿಟಿಷ್ ಕೀಲಿಮಣೆಯಲ್ಲೇ ಉಂಟು.

ನಮ್ಮಲ್ಲಿ ಮಾರುವ ಲ್ಯಾಪ್‌ಟಾಪ್‌ಗಳ ಕೀಲಿಮಣೆ ಅಮೆರಿಕನ್ ವಿನ್ಯಾಸದ್ದು. ಶಿಫ್ಟ್ 2 ಒತ್ತಿದರೆ @. ಬ್ರಿಟಿಷ್ ವಿನ್ಯಾಸದಲ್ಲಿ ಶಿಫ್ಟ್ 2 ಎಂದರೆ ಜೋಡಿ ಉದ್ಧರಣ ಚಿಹ್ನೆ, @ ಇರುವುದು ಎಂಟರ್ ಪಕ್ಕದ ಉದ್ಧರಣ ಕೀಲಿಯ ಮೇಲೆ. ಶಿಫ್ಟ್ 3 ಹ್ಯಾಶ್ ಬದಲು ಪೌಂಡ್ ಚಿಹ್ನೆ ಕೊಡುತ್ತದೆ. ಅಕ್ಷರ, ಅಂಕಿ ಎಲ್ಲ ಅದೇ ಜಾಗದಲ್ಲಿ ಇರುವುದರಿಂದ ಯಾರಿಗೂ ಸಂಶಯವೇ ಬರುವುದಿಲ್ಲ.

ಪರೀಕ್ಷೆ ಹೀಗೆ: ಆ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳುವ ಜಾಗದಲ್ಲಿ ಅಲ್ಲ, ಲಾಗಿನ್ ಹೆಸರು ಕೇಳುವ ಜಾಗದಲ್ಲಿ @ ಒಂದನ್ನೇ ಒತ್ತಿ ನೋಡಿ. ಅಲ್ಲಿ ಒತ್ತಿದ್ದು ಕಣ್ಣಿಗೆ ಕಾಣುತ್ತದೆ. ನೋಡಿ ಆದ ಮೇಲೆ ಕಂಟ್ರೋಲ್ ಯು ಒತ್ತಿ ಅಳಿಸಿ. ಇಡೀ ಪಾಸ್‌ವರ್ಡನ್ನು ಅಲ್ಲಿ ಹೊಡೆದು ಎಂಟರ್ ಒತ್ತಬೇಡಿ, ಸೋತ ಲಾಗಿನ್‌ಗಳ ದಾಖಲೆಯಲ್ಲಿ ಅದು ಹೆಸರಿನ ವೇಷದಲ್ಲಿ ಉಳಿದುಹೋಗಬಹುದು.

ಸರಿಪಡಿಸಲು: ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಕೀಬೋರ್ಡ್-ಕಾನ್ಫಿಗರೇಶನ್. ಅದರಲ್ಲಿ ಇಂಗ್ಲಿಷ್ ಯುಎಸ್ ಆರಿಸಿ. ಆಮೇಲೆ ಸುಡೊ ಸೆಟಪ್‌ಕಾನ್ ಕೊಡಿ, ಇದನ್ನು ಕಪ್ಪು ಪರದೆಯಲ್ಲೇ ಕೊಟ್ಟರೆ ಒಳ್ಳೆಯದು. ಡಿಸ್ಕ್‌ಗೆ ಎನ್‌ಕ್ರಿಪ್ಶನ್ ಹಾಕಿದ್ದರೆ ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಕೂಡ ಬೇಕು. ಇಲ್ಲದಿದ್ದರೆ ಬೂಟ್ ಆಗುವಾಗ ಡಿಸ್ಕ್ ಕೀಲಿವಾಕ್ಯ ಕೇಳುವ ಜಾಗ ಹಳೇ ವಿನ್ಯಾಸದಲ್ಲೇ ಉಳಿಯುತ್ತದೆ. ಆದರೆ ಡಿಸ್ಕ್ ಕೀಲಿವಾಕ್ಯವನ್ನು ಹಳೇ ವಿನ್ಯಾಸದಲ್ಲೇ ಕೊಟ್ಟಿದ್ದಲ್ಲವೇ? ಇದಾದ ಮೇಲೆ ಅದನ್ನು ಹೊಸ ಕೀಲಿ ಹುಡುಕಿ ಒತ್ತಬೇಕಾಗುತ್ತದೆ. @ ಎಂದು ಒತ್ತಿದ್ದು ಅವತ್ತು ಜೋಡಿ ಉದ್ಧರಣವಾಗಿ ಹೋಗಿದ್ದರೆ, ಇವತ್ತು ಜೋಡಿ ಉದ್ಧರಣವನ್ನೇ ಒತ್ತಬೇಕು.

ಕನ್ನಡದಲ್ಲಿ ಇನ್‌ಸ್ಟಾಲ್ ಮಾಡುವವರಿಗೆ ಪ್ರತ್ಯೇಕ ಮಾತು. ಡೆಬಿಯನ್ ಇನ್‌ಸ್ಟಾಲರ್‌ನಲ್ಲಿ ಕನ್ನಡ ಸಿಗುವುದು ಚಿತ್ರದ ಆವೃತ್ತಿಯಲ್ಲಿ ಮಾತ್ರ. ಭಾಷೆ ಕನ್ನಡ ಇರಲಿ, ತೊಂದರೆಯೇನಿಲ್ಲ. ಕೀಲಿಮಣೆ ಮಾತ್ರ ಅಮೆರಿಕನ್ ಇಂಗ್ಲಿಷ್ ಇರಲಿ. ಕನ್ನಡ ಕೀಲಿಮಣೆ ಆರಿಸಿದರೆ ಕನ್ನಡಕ್ಕೂ ಲ್ಯಾಟಿನ್‌ಗೂ ನಡುವೆ ಜಿಗಿಯುವ ಕೀಲಿ ಯಾವುದು ಎಂದು ಇನ್ನೊಂದು ಪ್ರಶ್ನೆ ಬರುತ್ತದೆ. ಪಾಸ್‌ವರ್ಡ್ ಹೊಡೆಯುವ ಹೊತ್ತಿಗೆ ನೀವು ಯಾವ ಬದಿಯಲ್ಲಿ ನಿಂತಿದ್ದೀರಿ ಎಂದು ಚುಕ್ಕೆಗಳು ಹೇಳುವುದಿಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ಇಂಗ್ಲಿಷ್ ಜೆ ಕೀಲಿ ಎಂದರೆ ರ, ಎಚ್ ಎಂದರೆ ಪ, ಎಲ್ ಎಂದರೆ ತ, ಡಿ ಎಂದರೆ ಅರ್ಧಾಕ್ಷರದ ಚಿಹ್ನೆ. ಹೊಡೆದದ್ದು ಇಂಗ್ಲಿಷ್ ಎಂದುಕೊಂಡಿರುತ್ತೀರಿ, ಒಳಗೆ ಕೂತಿರುವುದು ಒಡೆದ ಕನ್ನಡ. ಕಪ್ಪು ಪರದೆಯ ಫಾಂಟ್‌ಗೆ ಹೆಚ್ಚೆಂದರೆ 512 ಆಕೃತಿಗಳ ಮಿತಿ, ಒತ್ತಕ್ಷರ ಜೋಡಿಸುವ ಸಾಮರ್ಥ್ಯವಂತೂ ಇಲ್ಲವೇ ಇಲ್ಲ, ಹಾಗಾಗಿ ಅಲ್ಲಿ ಕನ್ನಡ ಪಾಸ್‌ವರ್ಡ್ ಇದ್ದರೆ ಪರೀಕ್ಷಿಸಿ ನೋಡುವುದೂ ಕಷ್ಟ.

ಕನ್ನಡ ಕೀಲಿಮಣೆಯನ್ನು ಇನ್‌ಸ್ಟಾಲ್ ಮುಗಿದ ಮೇಲೆ ಡೆಸ್ಕ್‌ಟಾಪ್ ಸೆಟ್ಟಿಂಗ್‌ನಲ್ಲಿ ಎರಡನೆಯದಾಗಿ ಸೇರಿಸಿ. ಪಟ್ಟಿಯಲ್ಲಿ ಬರೀ ಕನ್ನಡ ಎಂದಿರುವುದು ಇನ್‌ಸ್ಕ್ರಿಪ್ಟ್, ಕಗಪ ಎಂದಿರುವುದು ನುಡಿ ಬಳಸಿದವರಿಗೆ ಕೈಗೆ ಹತ್ತಿರದ್ದು. ಲಾಗಿನ್ ಪರದೆಯ ಮೇಲ್ತುದಿಯಲ್ಲಿ ಕೀಲಿಮಣೆಯ ಎರಡಕ್ಷರದ ಗುರುತು ಕಾಣುತ್ತದೆ. ಪಾಸ್‌ವರ್ಡ್ ಒಪ್ಪದಿದ್ದರೆ ಮೊದಲು ಅದರ ಮೇಲೆ ಕಣ್ಣು ಹಾಯಿಸಿ.

ಇನ್ನೊಂದು: ಇನ್‌ಸ್ಟಾಲರ್‌ನ ಪಾಸ್‌ವರ್ಡ್ ಪರದೆಯಲ್ಲಿ ಪಾಸ್‌ವರ್ಡನ್ನು ಬಯಲಾಗಿ ತೋರಿಸು ಎಂಬ ಚೌಕ ಉಂಟು. ಹಿಂದೆ ಯಾರೂ ನಿಂತಿಲ್ಲದಿದ್ದರೆ ಅದಕ್ಕೆ ಟಿಕ್ ಹಾಕಿ. ಈ ಪೋಸ್ಟ್ ಓದುವ ಅಗತ್ಯವೇ ಬರುತ್ತಿರಲಿಲ್ಲ.

#11 · ಮಂಜುಮಳೆ

@ ಒತ್ತಿದರೆ ಜೋಡಿ ಉದ್ಧರಣ ಬಂತು. ರೀಕಾನ್ಫಿಗರ್ ಆದ ಮೇಲೆ ಸರಿಹೋಯಿತು.

#12 · ರೈನ್‌ತೀರ

ಜರ್ಮನಿಯಲ್ಲಿ ಕೊಂಡ ಲ್ಯಾಪ್‌ಟಾಪ್ ಇರುವವರು ವೈ ಮತ್ತು ಝಡ್ ಇಲ್ಲದ ಪಾಸ್‌ವರ್ಡ್ ಇಟ್ಟುಕೊಂಡರೆ ಕ್ಷೇಮ. ಅಲ್ಲಿನ ಕೀಲಿಮಣೆಯಲ್ಲಿ ಅವೆರಡೂ ಜಾಗ ಅದಲುಬದಲು. ಗ್ರಬ್ (ಲಿನಕ್ಸ್ ಎಬ್ಬಿಸುವ ಬೂಟ್ ಪ್ರೋಗ್ರಾಂ) ಮೆನುವಿನಲ್ಲಿ ಮಾತ್ರ ನೀವು ಏನೇ ಆರಿಸಿದ್ದರೂ ಅಮೆರಿಕನ್ ವಿನ್ಯಾಸವೇ. ಅಲ್ಲಿ ಸಮ ಚಿಹ್ನೆ ಬೇಕೆಂದರೆ ಬ್ಯಾಕ್‌ಸ್ಪೇಸ್‌ನ ಎಡಕ್ಕಿರುವ ಕೀಲಿ, ಓರೆಗೆರೆ ಬೇಕೆಂದರೆ ಬಲ ಶಿಫ್ಟ್‌ನ ಎಡಕ್ಕೆ ಹೈಫನ್ ಎಂದು ಬರೆದಿರುವ ಕೀಲಿ.

#13 · ತುಂಗೆತಟ

ರೂಟ್ ಪಾಸ್‌ವರ್ಡೂ ಗೊತ್ತಿಲ್ಲ, ಬಳಕೆದಾರರದ್ದೂ ಒಪ್ಪುತ್ತಿಲ್ಲ ಎಂದರೆ? ಮೊದಲ ಬೂಟ್‌ನಿಂದಲೇ ಹೀಗೆ. ಕ್ಯಾಪ್ಸ್‌ಲಾಕ್ ನೋಡಿಯಾಯಿತು. ರಿಕವರಿ ಮೋಡ್‌ಗೆ ಹೋದರೆ ರೂಟ್ ಖಾತೆಗೆ ಬೀಗ ಹಾಕಿದೆ, ಕನ್ಸೋಲ್ ತೆರೆಯಲಾಗದು ಎನ್ನುತ್ತದೆ.

#14 · ಕರಿತೆರೆ

ಅಂದರೆ ಇನ್‌ಸ್ಟಾಲ್ ಮಾಡುವಾಗ ರೂಟ್ ಪೆಟ್ಟಿಗೆ ಖಾಲಿ ಬಿಟ್ಟಿದ್ದಾರೆ. ಡೆಬಿಯನ್‌ನ ರಿಕವರಿ ಮೋಡ್ ರೂಟ್ ಪಾಸ್‌ವರ್ಡ್ ಕೇಳಿಯೇ ಒಳಗೆ ಬಿಡುವುದು, ಇಲ್ಲದ ಪಾಸ್‌ವರ್ಡ್ ಎಲ್ಲಿಂದ ತರುವುದು? ಉಬುಂಟುವಿನಲ್ಲಿ ಈ ತಾಪತ್ರಯ ಇಲ್ಲ, ಅಲ್ಲಿ ರಿಕವರಿ ಮೆನುವಿನಲ್ಲಿ ರೂಟ್ ಆರಿಸಿದರೆ ನೇರ ಶೆಲ್ ಸಿಗುತ್ತದೆ. ಡೆಬಿಯನ್‌ನಲ್ಲಿ ಸುತ್ತುದಾರಿ ಹಿಡಿಯಬೇಕು.

ಮೊದಲು ಲಾಗಿನ್ ಹೆಸರಿನ ಮೇಲೆ ಸಂಶಯಪಡಿ. ಜಿಡಿಎಂ ಪರದೆಯಲ್ಲಿ ಕಾಣುವುದು ಪೂರ್ಣ ಹೆಸರು, ಅದು ಕನ್ನಡದಲ್ಲೂ ಇರಬಹುದು. ಲಾಗಿನ್ ಹೆಸರು ಬೇರೆ, ಇಂಗ್ಲಿಷ್ ಸಣ್ಣಕ್ಷರದಲ್ಲಿ. ಕಪ್ಪು ಪರದೆಯಲ್ಲಿ ಮೊದಲಕ್ಷರ ದೊಡ್ಡದಾಗಿ ಹೊಡೆದರೂ "ಲಾಗಿನ್ ಇನ್‌ಕರೆಕ್ಟ್" ಎಂದಷ್ಟೇ ಬರುತ್ತದೆ, ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಹೇಳುವುದಿಲ್ಲ.

ಅದೂ ಅಲ್ಲವಾದರೆ:

1. ಮಷಿನ್ ಆನ್ ಮಾಡಿ ಗ್ರಬ್ ಮೆನು ಬರಿಸಿ. ತಾನಾಗಿ ಬರದಿದ್ದರೆ ಯುಇಎಫ್‌ಐ ಮಷಿನ್‌ನಲ್ಲಿ ಎಸ್ಕೇಪ್ ಒಮ್ಮೆ, ಹಳೇ ಬಯಾಸ್‌ನಲ್ಲಿ ಶಿಫ್ಟ್ ಹಿಡಿದು. ಎಸ್ಕೇಪನ್ನು ಪಟಪಟ ಕುಟ್ಟಿದರೆ ಮೆನು ದಾಟಿ ಗ್ರಬ್‌ನ ಖಾಲಿ ಪ್ರಾಂಪ್ಟ್‌ಗೆ ಬೀಳುತ್ತೀರಿ. ಅಲ್ಲಿ ನಾರ್ಮಲ್ ಎಂದು ಹೊಡೆದು ಎಂಟರ್, ಆಮೇಲೆ ಎಸ್ಕೇಪ್ ಒಮ್ಮೆ.

2. ಮೊದಲ ಸಾಲಿನ ಮೇಲೆ ನಿಂತು ಇ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಉದ್ದ ಸಾಲು ಹುಡುಕಿ. ಪರದೆಯ ಅಗಲ ಸಾಲದೆ ಅದು ಎರಡು ಮೂರು ಸಾಲಾಗಿ ಮಡಚಿಕೊಂಡಿರುತ್ತದೆ, ಎಂಡ್ ಕೀಲಿ ಒತ್ತಿದರೆ ನಿಜವಾದ ಕೊನೆ ಸಿಗುತ್ತದೆ.

3. ಆ ಸಾಲಿನಲ್ಲಿ ಆರ್‌ಒ ಎಂದಿರುವುದನ್ನು ಆರ್‌ಡಬ್ಲ್ಯು ಮಾಡಿ. ಕ್ವಯಟ್, ಸ್ಪ್ಲ್ಯಾಶ್ ಅಳಿಸಿ. ಕೊನೆಯಲ್ಲಿ ಸ್ಪೇಸ್ ಬಿಟ್ಟು ಇನಿಟ್=/ಬಿನ್/ಬ್ಯಾಶ್ ಸೇರಿಸಿ. ಕಂಟ್ರೋಲ್ ಎಕ್ಸ್ ಅಥವಾ ಎಫ್10. ಈ ತಿದ್ದುಪಡಿ ಈ ಒಂದು ಬೂಟ್‌ಗೆ ಮಾತ್ರ, ಎಲ್ಲೂ ಉಳಿಯುವುದಿಲ್ಲ.

4. ಹ್ಯಾಶ್ ಪ್ರಾಂಪ್ಟ್ ಬಂದ ಮೇಲೆ ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯು / ಎಂದು ಕೊಡಿ. ಮೂರನೇ ಹೆಜ್ಜೆ ಸರಿ ಮಾಡಿದ್ದರೆ ಇದರ ಅಗತ್ಯವಿಲ್ಲ, ಆದರೆ ಕೊಟ್ಟರೆ ನಷ್ಟವೂ ಇಲ್ಲ.

5. ಹೆಸರು ಖಾತ್ರಿಯಿಲ್ಲದಿದ್ದರೆ ಗೆಟೆಂಟ್ ಪಾಸ್‌ಡಬ್ಲ್ಯುಡಿ 1000. ಇನ್‌ಸ್ಟಾಲರ್ ಸೃಷ್ಟಿಸಿದ ಮೊದಲ ಬಳಕೆದಾರರ ಸಂಖ್ಯೆ 1000. ಬರುವ ಸಾಲಿನ ಮೊದಲ ಕೋಲನ್‌ವರೆಗಿನದ್ದು ಲಾಗಿನ್ ಹೆಸರು.

6. ಪಾಸ್‌ಡಬ್ಲ್ಯುಡಿ ಆಹೆಸರು. ಹಳೇ ಪಾಸ್‌ವರ್ಡ್ ಕೇಳುವುದಿಲ್ಲ, ಹೊಸದನ್ನು ಎರಡು ಸಲ ಕೇಳುತ್ತದೆ. ಈ ಹಂತದಲ್ಲಿ ಕೀಲಿಮಣೆ ಅಮೆರಿಕನ್ ಆಗಿರುವ ಸಾಧ್ಯತೆ ಹೆಚ್ಚು, ಹಾಗಾಗಿ ತಾತ್ಕಾಲಿಕವಾಗಿ ಬರೀ ಸಣ್ಣಕ್ಷರ ಮತ್ತು ಅಂಕಿ ಇರುವ ಪಾಸ್‌ವರ್ಡ್ ಕೊಡಿ. ವೈ, ಝಡ್, ಚಿಹ್ನೆ ಬೇಡ. ಒಳಗೆ ಹೋದ ಮೇಲೆ ಒಳ್ಳೆಯದಕ್ಕೆ ಬದಲಾಯಿಸಿ.

7. ಸಿಂಕ್ ಕೊಟ್ಟು ಎಂಟರ್. ಆಮೇಲೆ ಎಕ್ಸೆಕ್ /ಎಸ್‌ಬಿನ್/ಇನಿಟ್. ಎಕ್ಸಿಟ್ ಎಂದು ಕೊಡಬೇಡಿ. ಈಗ ನಿಮ್ಮ ಬ್ಯಾಶೇ ಒಂದನೇ ನಂಬರಿನ ಪ್ರಕ್ರಿಯೆ, ಅದು ಸತ್ತರೆ ಕರ್ನಲ್ ಪ್ಯಾನಿಕ್ ಆಗಿ ನಿಲ್ಲುತ್ತದೆ.

ಇಷ್ಟು ಸುಲಭವೇ ಎಂದು ಗಾಬರಿಯಾಗಿದ್ದರೆ, ಹೌದು. ಎನ್‌ಕ್ರಿಪ್ಶನ್ ಇಲ್ಲದ ಡಿಸ್ಕ್ ಮುಂದೆ ಕೂತವರಿಗೆಲ್ಲ ಇದು ತೆರೆದ ಬಾಗಿಲು.

#15 · ತುಂಗೆತಟ

ಆರನೇ ಹೆಜ್ಜೆಯಲ್ಲಿ "ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್".

#16 · ಕರಿತೆರೆ

ಹೆಸರು ನೋಡಿ ಹೆದರಬೇಡಿ. ಪಾಸ್‌ವರ್ಡ್‌ಗಳನ್ನಿಡುವ /ಇಟಿಸಿ/ಶ್ಯಾಡೋ ಫೈಲ್‌ಗೆ ಬರೆಯಲು ಆಗಲಿಲ್ಲ ಎಂದಷ್ಟೇ ಅರ್ಥ. ಹತ್ತರಲ್ಲಿ ಒಂಬತ್ತು ಸಲ ಡಿಸ್ಕ್ ಓದಲಿಕ್ಕೆ ಮಾತ್ರ ಎಂಬ ಸ್ಥಿತಿಯಲ್ಲಿ ಮೌಂಟ್ ಆಗಿರುತ್ತದೆ. ನಾಲ್ಕನೇ ಹೆಜ್ಜೆ ಕೊಟ್ಟಿರಾ? ಕೊಟ್ಟಿದ್ದರೆ ಡಿಎಫ್ -ಎಚ್ / ಎಂದು ನೋಡಿ, ಡಿಸ್ಕ್ ತುಂಬಿ ತುಳುಕುತ್ತಿದ್ದರೂ ಇದೇ ಸಂದೇಶ.

#17 · ತುಂಗೆತಟ

ನಾಲ್ಕನ್ನು ಹಾರಿಸಿದ್ದೇ ಕಾರಣ. ಮೂರರಲ್ಲಿ ಆರ್‌ಒ ಕೂಡ ಹಾಗೇ ಬಿಟ್ಟಿತ್ತು. ಈಗ ಆಯಿತು. ಆದರೆ ಡೆಸ್ಕ್‌ಟಾಪ್ ಒಳಗೆ ಹೋದ ಮೇಲೆ "ಲಾಗಿನ್ ಕೀರಿಂಗ್ ತೆರೆದಿಲ್ಲ" ಎಂದು ಇನ್ನೊಂದು ಪಾಸ್‌ವರ್ಡ್ ಕೇಳುತ್ತಿದೆ, ಹೊಸದನ್ನು ಕೊಟ್ಟರೆ ಒಪ್ಪುತ್ತಿಲ್ಲ.

#18 · ಶೆಲ್‌ಗುಬ್ಬಿ

ಅದು ಮೂರನೆಯ ಪಾಸ್‌ವರ್ಡ್. ಕೀರಿಂಗ್ ಎಂದರೆ ವೈಫೈ, ಬ್ರೌಸರ್ ಮುಂತಾದವುಗಳ ಗುಟ್ಟುಗಳ ಪೆಟ್ಟಿಗೆ, ನಿಮ್ಮ ಹಳೇ ಲಾಗಿನ್ ಪಾಸ್‌ವರ್ಡ್‌ನಿಂದಲೇ ಗೂಢೀಕರಿಸಿದ್ದು. ನೀವೇ ಲಾಗಿನ್ ಆಗಿ ಬದಲಾಯಿಸಿದರೆ ಅದೂ ಜೊತೆಗೆ ಬದಲಾಗುತ್ತದೆ. ರೂಟ್ ಬಂದು ಹೊರಗಿಂದ ಬದಲಾಯಿಸಿದರೆ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ಹಳೇ ಪಾಸ್‌ವರ್ಡ್ ನೆನಪಿದ್ದರೆ ಪಾಸ್‌ವರ್ಡ್ಸ್ ಅಂಡ್ ಕೀಸ್ ಆಪ್‌ನಲ್ಲಿ ಲಾಗಿನ್ ಮೇಲೆ ಬಲ ಕ್ಲಿಕ್ ಮಾಡಿ ಬದಲಾಯಿಸಿ. ನೆನಪಿಲ್ಲದಿದ್ದರೆ ಮನೆ ಫೋಲ್ಡರ್ ಒಳಗೆ .ಲೋಕಲ್/ಶೇರ್/ಕೀರಿಂಗ್ಸ್‌ನಲ್ಲಿರುವ ಲಾಗಿನ್.ಕೀರಿಂಗ್ ಫೈಲ್‌ನ ಹೆಸರು ಬದಲಾಯಿಸಿ ಮತ್ತೆ ಲಾಗಿನ್ ಆಗಿ, ಹೊಸದು ಹುಟ್ಟುತ್ತದೆ. ಹೊಸ ಇನ್‌ಸ್ಟಾಲ್ ಆದ್ದರಿಂದ ಕಳೆದುಕೊಳ್ಳುವುದು ಏನೂ ಇರಲಿಕ್ಕಿಲ್ಲ.

#19 · ಗೋಲಗುಮ್ಮಟ

ಫೆಡೋರಾದವರು ಮೇಲಿನ ಏಳು ಹೆಜ್ಜೆ ಹಂಗ ನಕಲು ಹೊಡೀಬ್ಯಾಡ್ರಿ. ಅಲ್ಲಿ ಎಸ್‌ಇಲಿನಕ್ಸ್ ಐತಿ, ಫೈಲ್‌ಗೆ ಹಚ್ಚಿದ ಲೇಬಲ್ ನೋಡಿ ಒಳಗ ಬಿಡೂ ಕಾವಲುಗಾರ. ಇನಿಟ್ ಬ್ಯಾಶ್ ದಾರಿಯಲ್ಲಿ ಅದರ ನೀತಿ ಲೋಡ್ ಆಗಿರುವುದಿಲ್ಲ, ಹೊಸದಾಗಿ ಬರೆದ ಶ್ಯಾಡೋ ಫೈಲ್‌ಗೆ ಲೇಬಲ್ ಬೀಳುವುದಿಲ್ಲ. ಪಾಸ್‌ವರ್ಡ್ ಬದಲಾಗಿದ್ದರೂ ಮುಂದಿನ ಬೂಟ್‌ನಲ್ಲಿ ಯಾರೂ ಒಳಗೆ ಹೋಗಲಾಗುವುದಿಲ್ಲ. ಆರನೇ ಹೆಜ್ಜೆ ಆದ ಮೇಲೆ ಟಚ್ /.ಆಟೋರೀಲೇಬಲ್ ಕೊಡಿ, ಚುಕ್ಕೆ ಮರೆಯಬೇಡಿ. ಮುಂದಿನ ಬೂಟ್‌ನಲ್ಲಿ ಇಡೀ ಡಿಸ್ಕ್‌ಗೆ ಲೇಬಲ್ ಹಚ್ಚಿ ತಾನೇ ಮತ್ತೊಮ್ಮೆ ರೀಬೂಟ್ ಆಗುತ್ತದೆ. ಹಲವು ನಿಮಿಷ ಹಿಡಿಯಬಹುದು, ನಡುವೆ ಪವರ್ ಬಟನ್ ಒತ್ತಬೇಡಿ. ಗುಂಪಿನ ಹೆಸರೂ ಅಲ್ಲಿ ಸುಡೊ ಅಲ್ಲ, ವೀಲ್.

ಆರ್ಚ್‌ನವರಿಗೆ: ಮೂರು ಸಲ ತಪ್ಪು ಹೊಡೆದರೆ 10 ನಿಮಿಷ ಸರಿಯಾದ ಪಾಸ್‌ವರ್ಡನ್ನೂ ಒಪ್ಪುವುದಿಲ್ಲ. ಸೋತ ಲಾಗಿನ್ ಎಣಿಸುವ ಫೇಲ್‌ಲಾಕ್‌ನ ಕೆಲಸ ಅದು. ಚಹಾ ಕುಡದು ಬರ್ರಿ, ಇಲ್ಲಾ ರೂಟ್ ಆಗಿ ಫೇಲ್‌ಲಾಕ್ --ಯೂಸರ್ ಹೆಸರು --ರೀಸೆಟ್ ಕೊಡ್ರಿ.

#20 · ಬಯಲುಸೀಮೆ

ಪಾಸ್‌ವರ್ಡ್ ಹೊಡೆದ ಕೂಡಲೇ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ ಪರದೆಗೇ ಬರುತ್ತದೆ. ತಪ್ಪು ಎಂದು ಸಂದೇಶ ಬರುವುದಿಲ್ಲ. ಇದಕ್ಕೂ ಮೇಲಿನ ಹೆಜ್ಜೆಗಳೇ?

#21 · ಶೆಲ್‌ಗುಬ್ಬಿ

ಅಲ್ಲ. ಪಾಸ್‌ವರ್ಡ್ ಒಪ್ಪಿಗೆಯಾಗಿದೆ, ಅದರ ನಂತರ ಡೆಸ್ಕ್‌ಟಾಪ್ ಏಳುತ್ತಿಲ್ಲ. ಕಂಟ್ರೋಲ್ ಆಲ್ಟ್ ಎಫ್3ಗೆ ಹೋಗಿ ಅದೇ ಹೆಸರು, ಪಾಸ್‌ವರ್ಡ್ ಕೊಟ್ಟರೆ ಒಳಗೆ ಹೋಗುತ್ತೀರಿ. ಡಿಎಫ್ -ಎಚ್ ಕೊಟ್ಟು ಹೋಮ್ ತುಂಬಿದೆಯೇ ನೋಡಿ. ಎಲ್‌ಎಸ್ -ಎಲ್ಎ ಕೊಟ್ಟು ಮನೆ ಫೋಲ್ಡರ್‌ನಲ್ಲಿ ರೂಟ್ ಮಾಲೀಕತ್ವದ ಫೈಲ್‌ಗಳಿವೆಯೇ ನೋಡಿ, ಅದರಲ್ಲೂ .ಎಕ್ಸ್‌ಅಥಾರಿಟಿ, .ಕಾನ್ಫಿಗ್, .ಕ್ಯಾಶ್. ಸುಡೊ ಹಾಕಿ ಚಿತ್ರದ ಆಪ್‌ಗಳನ್ನು ತೆರೆದಿದ್ದರೆ ಹೀಗಾಗುತ್ತದೆ. ಇದ್ದರೆ ಸುಡೊ ಸಿಎಚ್ಓನ್ -ಆರ್ ಹೆಸರು: /ಹೋಮ್/ಹೆಸರು, ಇಲ್ಲಿ ಆರ್ ದೊಡ್ಡದು, ಹೆಸರಿನ ಕೊನೆಯ ಕೋಲನ್ ಬೇಕು. ಪಾಸ್‌ವರ್ಡ್ ಮಾತ್ರ ಬದಲಾಯಿಸಲು ಹೋಗಬೇಡಿ.

#22 · ಹರಿಹರ_ಡ್ಯುಯಲ್

ವಿಂಡೋಸ್ 11 ಪಕ್ಕದಲ್ಲಿ ಡೆಬಿಯನ್ ಹಾಕಿದ ಮೇಲೆ ವಿಂಡೋಸ್ ಬೂಟ್ ಮಾಡಿದರೆ ನೀಲಿ ಪರದೆಯಲ್ಲಿ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ರಿಕವರಿ ಕೀ ಕೇಳುತ್ತದೆ. ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ಅಕ್ಷರವೇ ಬೀಳುತ್ತಿಲ್ಲ.

#23 · ಕರಿತೆರೆ

ಅಲ್ಲಿ ಬೀಳುವುದು ಅಂಕಿ ಮಾತ್ರ, 48 ಅಂಕಿ, ಆರಾರರಂತೆ ಎಂಟು ಗುಂಪು. ಅಡ್ಮಿನ್ ಪಾಸ್‌ವರ್ಡ್‌ಗೂ ಅದಕ್ಕೂ ಸಂಬಂಧವಿಲ್ಲ. ಸೆಕ್ಯೂರ್ ಬೂಟ್ ಅಥವಾ ಬೂಟ್ ಕ್ರಮ ಬದಲಾದದ್ದನ್ನು ಟಿಪಿಎಂ (ಕೀಲಿ ಕಾಯುವ ಚಿಪ್) ಗಮನಿಸಿ ಕೀಲಿ ಕೊಡಲು ಒಪ್ಪಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್‌ಗೆ ಲಾಗಿನ್ ಆಗಿದ್ದರೆ, ಮೊಬೈಲ್‌ನಲ್ಲಿ ಆ ಖಾತೆ ತೆರೆದು ಡಿವೈಸ್ ಪಟ್ಟಿಯಲ್ಲಿ ನೋಡಿ. ಬಯಾಸ್‌ನಲ್ಲಿ ಬದಲಾಯಿಸಿದ್ದನ್ನು ಮೊದಲಿನಂತೆ ಮಾಡಿದರೂ ಕೆಲವೊಮ್ಮೆ ಕೇಳದೆ ಬೂಟ್ ಆಗುತ್ತದೆ.

ಲಿನಕ್ಸ್ ಬದಿಯ ಲಕ್ಸ್ (ಡಿಸ್ಕ್ ಎನ್‌ಕ್ರಿಪ್ಶನ್) ಕೀಲಿವಾಕ್ಯದ್ದೂ ಇದೇ ಪಾಡು. ಪಾಸ್‌ಡಬ್ಲ್ಯುಡಿ ಕೊಟ್ಟು ಲಾಗಿನ್ ಪಾಸ್‌ವರ್ಡ್ ಬದಲಾಯಿಸಿದರೆ ಡಿಸ್ಕ್‌ನದ್ದು ಬದಲಾಗದು. ಇನ್‌ಸ್ಟಾಲ್ ಮಾಡುವಾಗ ಎರಡಕ್ಕೂ ಒಂದನ್ನೇ ಇಟ್ಟವರು ಇಲ್ಲಿ ಎಡವುತ್ತಾರೆ. ಅದು ಮರೆತರೆ ಮೇಲಿನ ಏಳು ಹೆಜ್ಜೆಯೂ ಇಲ್ಲ, ಎಂಟನೆಯದೂ ಇಲ್ಲ. ಮಷಿನ್ ತೆರೆದಿರುವಾಗಲೇ ಕ್ರಿಪ್ಟ್‌ಸೆಟಪ್ ಲಕ್ಸ್‌ಆಡ್‌ಕೀ ಕೊಟ್ಟು ಎರಡನೇ ಕೀಲಿವಾಕ್ಯ ಸೇರಿಸಿ, ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಈ ಆಜ್ಞೆಯಲ್ಲಿ ಲಕ್ಸ್ ಆದ ಮೇಲಿನ ಎ ಮತ್ತು ಕೆ ದೊಡ್ಡಕ್ಷರ. ಬೂಟ್ ಆಗುವಾಗ ಡಿಸ್ಕ್ ಕೀಲಿವಾಕ್ಯ ಕೇಳುವ ಹಂತದಲ್ಲಿ ಬ್ಲೂಟೂತ್ ಕೀಲಿಮಣೆಯೂ ಕೆಲಸ ಮಾಡದು, ಜೋಡಣೆಯ ಸೇವೆ ಇನ್ನೂ ಎದ್ದಿರುವುದಿಲ್ಲ. ತಂತಿಯದ್ದೋ ಯುಎಸ್‌ಬಿ ಡಾಂಗಲ್‌ನದ್ದೋ ಬೇಕು.

#24 · ರಾಗಿ64

ಹಾಗಾದರೆ ಮುಂದಿನ ಸಲ ಇನ್‌ಸ್ಟಾಲ್ ಮಾಡುವಾಗ ರೂಟ್ ಪೆಟ್ಟಿಗೆ ಖಾಲಿ ಬಿಡಬೇಕೋ ತುಂಬಬೇಕೋ? ಒಂದು ಮಾತಲ್ಲಿ ಹೇಳಿ.

#25 · ಶೆಲ್‌ಗುಬ್ಬಿ

ಖಾಲಿ. ಒಬ್ಬರೇ ಬಳಸುವ ಲ್ಯಾಪ್‌ಟಾಪ್‌ಗೆ ಎರಡು ಪಾಸ್‌ವರ್ಡ್ ಎಂದರೆ ಮರೆಯಲು ಎರಡು ಅವಕಾಶ. ಸುಡೊದಲ್ಲಿ ಯಾರು ಏನು ಮಾಡಿದರು ಎಂಬ ದಾಖಲೆಯೂ ಉಳಿಯುತ್ತದೆ.

#26 · ಕರಿತೆರೆ

ತುಂಬಿ, ಆಮೇಲೆ ಕೈಯಾರೆ ಸುಡೊಗೂ ಸೇರಿಸಿಕೊಳ್ಳಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿಡುವ ಫೈಲ್) ಒಂದು ಸಾಲು ತಪ್ಪಿ ಬೂಟ್ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಾಗ ಕೇಳುವುದು ರೂಟ್ ಪಾಸ್‌ವರ್ಡನ್ನೇ. #13ರಲ್ಲಿ ಆದದ್ದು ನೋಡಿದಿರಲ್ಲ. ಗ್ರಬ್ ದಾರಿ ಇದೆ, ಒಪ್ಪುತ್ತೇನೆ. ಆದರೆ ಅದನ್ನು ಮಧ್ಯರಾತ್ರಿ ಫೋನ್‌ನಲ್ಲಿ ಇನ್ನೊಬ್ಬರಿಂದ ಮಾಡಿಸುವುದು ಬೇರೆ ಕೆಲಸ. ರೂಟ್ ಪಾಸ್‌ವರ್ಡ್ ಇದ್ದ ಮಾತ್ರಕ್ಕೆ ಹೊರಗಿನವರು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗುವ ದಾರಿ) ಅದನ್ನು ಹೊಡೆದು ಬರಲಾಗುವುದಿಲ್ಲ, ಓಪನ್‌ಎಸ್‌ಎಸ್‌ಎಚ್ 2015ರಿಂದ ರೂಟ್‌ಗೆ ಪಾಸ್‌ವರ್ಡ್ ಲಾಗಿನ್ ಅನ್ನು ಮೊದಲಿಂದಲೇ ಮುಚ್ಚಿಟ್ಟಿದೆ.

#27 · ಶೆಲ್‌ಗುಬ್ಬಿ

ಸರ್ವರ್‌ಗಾದರೆ ಒಪ್ಪಿದೆ. ಲ್ಯಾಪ್‌ಟಾಪ್‌ಗೆ ಇಲ್ಲ. ಎಫ್‌ಎಸ್‌ಟ್ಯಾಬ್ ಮುಟ್ಟುವವರಿಗೆ ಗ್ರಬ್ ತಿದ್ದುವುದೂ ಬರುತ್ತದೆ.

#28 · ಕಾಳಿಮಿತ್ರ

ಕಾಲಿ ಲಿನಕ್ಸ್‌ಗೆ ಹೆಸರು ರೂಟ್, ಪಾಸ್‌ವರ್ಡ್ ಟೂರ್ ಎಂದು ಓದಿದ್ದು, ಒಪ್ಪುತ್ತಿಲ್ಲ.

#29 · ಗೋಲಗುಮ್ಮಟ

2020ಕ್ಕಿಂತ ಹಿಂದಿನ ಮಾತ್ರಿ ಅದು. 2020.1ರಿಂದ ಲೈವ್‌ಗೆ ಹೆಸರೂ ಕಾಲಿ, ಪಾಸ್‌ವರ್ಡೂ ಕಾಲಿ. ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಿದ್ರ ನೀವು ಇಟ್ಟದ್ದ. ಡೆಬಿಯನ್ ಲೈವ್ ಆದ್ರ ಹೆಸರು ಯೂಸರ್, ಪಾಸ್‌ವರ್ಡ್ ಲೈವ್. ಪೆನ್‌ಡ್ರೈವ್ ತೆಗೀದ ರೀಬೂಟ್ ಮಾಡಿ ಮತ್ತ ಲೈವ್‌ನಾಗ ಹೊಕ್ಕು, ಇನ್‌ಸ್ಟಾಲ್ ಮಾಡಿದ ಪಾಸ್‌ವರ್ಡ್ ನಡೀವಲ್ದು ಅನ್ನಾವರೂ ಅದಾರ.

#30 · ಹೊಸಗೂಡು

ಸುಡೊ ಸರಿಯಾದ ಮೇಲೆ ಈಗ ರೂಟ್‌ಗೆ ಬೀಗ ಹಾಕಬೇಕೆಂದರೆ ಹೇಗೆ? ಇದು ಒಬ್ಬರ ಲ್ಯಾಪ್‌ಟಾಪ್ ಅಷ್ಟೇ.

#31 · ಕರಿತೆರೆ

ನಾನಾದರೆ ಹಾಕುವುದಿಲ್ಲ. ಹಾಕುವುದಾದರೆ ಸುಡೊ ಪಾಸ್‌ಡಬ್ಲ್ಯುಡಿ -ಎಲ್ ರೂಟ್. ಅದಕ್ಕೂ ಮೊದಲು ಸು - ಆಗಿರುವ ಒಂದು ಟರ್ಮಿನಲ್ ತೆರೆದೇ ಇಟ್ಟುಕೊಂಡು, ಇನ್ನೊಂದರಲ್ಲಿ ಸುಡೊ -ಕೆ ಕೊಟ್ಟು ನೆನಪಿಟ್ಟ ಪಾಸ್‌ವರ್ಡ್ ಮರೆಸಿ, ಸುಡೊ -ವಿ ಕೊಡಿ. ನಿಮ್ಮ ಪಾಸ್‌ವರ್ಡ್ ಕೊಟ್ಟ ಮೇಲೆ ಮರುಮಾತಿಲ್ಲದೆ ಪ್ರಾಂಪ್ಟ್ ವಾಪಸ್ ಬಂದರೆ ಮಾತ್ರ ಬೀಗ. ಆಮೇಲೆ ಸುಡೊ ಪಾಸ್‌ಡಬ್ಲ್ಯುಡಿ -ಎಸ್ ರೂಟ್, ಇಲ್ಲಿ ಎಸ್ ದೊಡ್ಡದು. ರೂಟ್ ಪಕ್ಕದಲ್ಲಿ ಎಲ್ ಬಂದರೆ ಬೀಗ ಬಿದ್ದಿದೆ, ಪಿ ಬಂದರೆ ಪಾಸ್‌ವರ್ಡ್ ಇನ್ನೂ ಚಾಲ್ತಿಯಲ್ಲಿದೆ. ತೆಗೆಯಲು ಅದೇ ಆಜ್ಞೆಯಲ್ಲಿ ಎಲ್ ಬದಲು ಸಣ್ಣ ಯು.

#32 · ಹೊಸಗೂಡು

ಸುಡೊ -ವಿ ಸುಮ್ಮನೆ ಪ್ರಾಂಪ್ಟ್ ಕೊಟ್ಟಿತು. ರೂಟ್ ಪಕ್ಕದಲ್ಲಿ ಈಗ ಪಿ ಇದೆ, ಹಾಗೇ ಬಿಟ್ಟಿದ್ದೇನೆ.